ಬರ ಕಳೆದ ಮೇಲಿನ ಮಳೆಗಾಲ: ಬಳ್ಳಾರಿ ಜಾಲಿ ಕಾವಲಿಗೆ ಕಾಲಿಡುವ ಹೊತ್ತು

ಬರದ ವರ್ಷದಲ್ಲಿ ಚಳ್ಳಕೆರೆ, ಹಿರಿಯೂರು ಕಡೆಯ ಕಾವಲುಗಳಲ್ಲಿ, ಅಂದರೆ ದನ ಮೇಯುವ ಹುಲ್ಲುಬಯಲುಗಳಲ್ಲಿ, ಹುಲ್ಲು ಬುಡದವರೆಗೆ ಒಣಗಿರುತ್ತದೆ, ಹೊರದೇಶದಿಂದ ಬಂದು ಹರಡಿದ ಮುಳ್ಳುಗಿಡವಾದ ಬಳ್ಳಾರಿ ಜಾಲಿಯೊಂದೇ ಹಸಿರಾಗಿ ನಿಂತಿರುತ್ತದೆ. ಬರವೇ ಜಾಲಿಯನ್ನು ಬೆಳೆಸಿತು ಎಂದು ನೋಡಿದವರಿಗೆ ಅನ್ನಿಸುವುದು ಸಹಜ. ಆದರೆ ಒಣ ನೆಲದಲ್ಲಿ ಜಾಲಿಯ ಬೀಜವೂ ಮೊಳೆಯುವುದಿಲ್ಲ. ಹೊಸ ಸಸಿಗಳು ಏಳುವುದು ಬರ ಮುಗಿದು ಹದವಾದ ಮಳೆ ಬಿದ್ದ ವರ್ಷದಲ್ಲಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷದ ಬೆನ್ನಿಗೆ ಬರುವ ಮಳೆಗಾಲದಲ್ಲಿ ಎಲ್ಲರ ಗಮನ ಬಿತ್ತನೆಯ ಕಡೆಗಿರುತ್ತದೆ, ಕಾವಲಿನತ್ತ ಯಾರೂ ಸುಳಿಯುವುದಿಲ್ಲ. ಕಾವಲಿನ ಮುಂದಿನ ಇಪ್ಪತ್ತು ವರ್ಷ ತೀರ್ಮಾನವಾಗುವುದು ಅದೇ ತಿಂಗಳುಗಳಲ್ಲಿ.

ಇದು ನಡೆಯುವ ಬಗೆ ಹೀಗೆ. ಬೇಸಿಗೆಯಲ್ಲಿ ದನಕ್ಕೆ ಮೇಯಲು ಬೇರೇನೂ ಇಲ್ಲದಾಗ ಜಾಲಿಯ ಸಿಹಿ ಕಾಯಿಯೇ ಮೇವು. ಗಟ್ಟಿ ಸಿಪ್ಪೆಯ ಬೀಜ ದನದ ಹೊಟ್ಟೆಯಲ್ಲಿ ಜೀರ್ಣವಾಗದೆ ಕೆಲವು ದಿನಗಳ ನಂತರ ಸಗಣಿಯಲ್ಲಿ ಬೀಳುತ್ತದೆ. ಕುರಿ, ಮೇಕೆ ಬೀಜವನ್ನು ಹೆಚ್ಚು ಅಗಿಯುವುದರಿಂದ ಅವುಗಳ ಹಿಕ್ಕೆಯಲ್ಲಿ ಜೀವಂತ ಬೀಜ ಕಡಿಮೆ. ಹೆಚ್ಚಿನ ಹರಡುವಿಕೆ ದನದಿಂದಲೇ. ಹೀಗೆ ಬರದ ವರ್ಷದಲ್ಲಿ ಕಾವಲಿನ ಉದ್ದಗಲಕ್ಕೆ ಗೊಬ್ಬರ ಸಮೇತ ಬಿತ್ತನೆ ಆಗಿಹೋಗುತ್ತದೆ. ಅದೇ ವರ್ಷ ಅತಿಯಾಗಿ ಮೇಯಿಸಿದ್ದರಿಂದ ಹುಲ್ಲಿನ ಗಡ್ಡೆಗಳು ಸತ್ತು ನಡುನಡುವೆ ಬೋಳು ಜಾಗ ಬಿದ್ದಿರುತ್ತದೆ. ದಟ್ಟ ಹುಲ್ಲಿದ್ದರೆ ಅದರ ಬೇರು ಮೇಲ್ಮಣ್ಣಿನ ತೇವವನ್ನೆಲ್ಲ ಹೀರುತ್ತದೆ, ನೆರಳೂ ಬೀಳುತ್ತದೆ, ಎಳೆ ಜಾಲಿ ಸಾಯುತ್ತದೆ. ಬೋಳು ಜಾಗದಲ್ಲಿ ಅದಕ್ಕೆ ಎದುರಾಳಿಯೇ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತಾಯಿಬೇರು ಹುಲ್ಲಿನ ಬೇರುಗಳ ಮಟ್ಟ ದಾಟಿ ಕೆಳಗಿಳಿದರೆ, ಆಮೇಲೆ ಹುಲ್ಲು ಅದನ್ನು ತಡೆಯಲಾರದು. ಇದೇ ಕುಲದ ಮರವೊಂದರ ಬೇರು ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ಸಿಕ್ಕಿದೆ.

ಪಕ್ಕದ ನ್ಯೂ ಮೆಕ್ಸಿಕೊದ ಹೋರ್ನಾಡಾದಲ್ಲಿ 1912ರಿಂದ ಹುಲ್ಲುಗಾವಲಿನ ಪ್ರಯೋಗ ಕ್ಷೇತ್ರವಿದೆ. 1858ರ ಭೂಮಾಪಕರ ಟಿಪ್ಪಣಿಗಳ ಪ್ರಕಾರ ಅಲ್ಲಿನ ನೆಲದ ಶೇಕಡಾ 90ಕ್ಕೂ ಹೆಚ್ಚು ಭಾಗದಲ್ಲಿ ಒಳ್ಳೆಯ ಹುಲ್ಲಿತ್ತು. 1963ಕ್ಕೆ ಅದು ಶೇಕಡಾ 25ಕ್ಕಿಂತ ಕೆಳಗಿಳಿದು, ಬಹುಪಾಲು ಜಾಗವನ್ನು ಬಳ್ಳಾರಿ ಜಾಲಿಯ ಸೋದರ ಜಾತಿಯಾದ ಮೆಸ್ಕೀಟ್ ಮತ್ತಿತರ ಪೊದೆಗಳು ಹಿಡಿದಿದ್ದವು. 1950ರ ದಶಕದ ದೀರ್ಘ ಬರ ಉಳಿದ ಹುಲ್ಲಿಗೂ ದೊಡ್ಡ ಪೆಟ್ಟು ಕೊಟ್ಟಿತು. ಅಲ್ಲಿ ಕಲಿತ ಇನ್ನೊಂದು ಪಾಠ ನಮಗೆ ನೇರವಾಗಿ ಬೇಕಾದದ್ದು. ಪೊದೆ ನೆಲೆಯೂರಿದ ಮೇಲೆ ಸಾರಜನಕ, ಎಲೆಗೊಬ್ಬರ, ನೀರು ಎಲ್ಲವೂ ಪೊದೆಯ ಬುಡದಲ್ಲೇ ಕೂಡಿಕೊಳ್ಳುತ್ತವೆ, ನಡುವಿನ ನೆಲ ಹೆಪ್ಪುಗಟ್ಟಿ ಬರಡಾಗುತ್ತದೆ. ಆದ್ದರಿಂದ ದನ ಹೊರಗಿಟ್ಟ ಮಾತ್ರಕ್ಕೆ ಹುಲ್ಲು ಮರಳುವುದಿಲ್ಲ.

ಒಣಸೀಮೆಯಲ್ಲಿ ಮಳೆಯೇ ಮರಗಳಿಗೆ ಮಿತಿ ಹಾಕುತ್ತದಲ್ಲ ಎಂಬ ಪ್ರಶ್ನೆ ಬರಬಹುದು. ಈಗ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿರುವ ಮಹೇಶ್ ಶಂಕರನ್ ಮತ್ತು ಸಂಗಡಿಗರು ಆಫ್ರಿಕಾದ 854 ಸವನ್ನಾ (ಹುಲ್ಲಿನ ನಡುವೆ ಮರಗಳಿರುವ ಬಯಲು) ತಾಣಗಳ ಮಾಹಿತಿಯನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಸುಮಾರು 650 ಮಿ.ಮೀ.ಗಿಂತ ಕಡಿಮೆ ಮಳೆಯಿದ್ದರೆ ಮರಗಳ ಹೊದಿಕೆಗೆ ಮಳೆಯೇ ಗರಿಷ್ಠ ಮಿತಿ, ಅದಕ್ಕಿಂತ ಹೆಚ್ಚಾದರೆ ಬೆಂಕಿ, ಮೇಯುವಿಕೆಗಳು ಇಲ್ಲದೆ ಹುಲ್ಲು ಉಳಿಯದು ಎಂಬುದು ಅದರ ಸಾರ. ಗರಿಷ್ಠ ಮಿತಿ ಇದೆ ಎಂದ ಮಾತ್ರಕ್ಕೆ ಕಾವಲು ಸುರಕ್ಷಿತವಲ್ಲ. ಇವತ್ತು ಶೇಕಡಾ 5 ಮರವಿರುವ ಬಯಲು ಆ ಮಿತಿಯೊಳಗೇ ಹಲವು ಪಟ್ಟು ಪೊದೆಯಾಗಬಹುದು, ಎರೆಭೂತದಂಥ ಬಯಲಿನ ಹಕ್ಕಿಗೆ ಅಷ್ಟರಲ್ಲೇ ನೆಲೆ ತಪ್ಪಿರುತ್ತದೆ. ಹಳ್ಳದ ದಂಡೆ, ಕೆರೆಯಂಗಳದಂತೆ ಬೇರಿಗೆ ಅಂತರ್ಜಲ ಎಟಕುವ ಕಡೆ ಆ ವರ್ಷದ ಮಳೆಯ ಲೆಕ್ಕವೂ ನಡೆಯದು.

ಈಗ ಕೆಲಸಕ್ಕೆ ಬರೋಣ. ಮೊದಲು ಗಿಡದ ಗುರುತು ಸರಿಯಿರಬೇಕು. ಕಾವಲಿನಲ್ಲಿ ಚದುರಿದ ಬನ್ನಿ, ಕರಿಜಾಲಿ, ಬಿಳಿಜಾಲಿ, ಬೋರೆ ಇರಲೇಬೇಕು. ಅವು ಈ ನೆಲದವೇ. ಬಳ್ಳಾರಿ ಜಾಲಿಯಲ್ಲಿ ಮುಳ್ಳು ಎಲೆಯ ಗಿಣ್ಣಿನಲ್ಲಿ, ಹೆಚ್ಚಾಗಿ ಜೋಡಿಯಾಗಿ ಬರುತ್ತದೆ. ಬನ್ನಿಯ ಸಣ್ಣ ಮುಳ್ಳು ಗಿಣ್ಣುಗಳ ನಡುವೆ ಚದುರಿರುತ್ತದೆ. ಕರಿಜಾಲಿಯ ಹೂ ಹಳದಿ ಗುಂಡು, ಕಾಯಿ ಮಣಿ ಪೋಣಿಸಿದಂತೆ. ಬಳ್ಳಾರಿ ಜಾಲಿಯ ಹೂ ಉದ್ದನೆಯ ತೆನೆ, ಕಾಯಿ ಹಳದಿ, ಚಪ್ಪಟೆ. ಕೂಲಿಯವರಿಗೆ ಕೆಲಸದ ಮೊದಲ ದಿನವೇ ಈ ವ್ಯತ್ಯಾಸವನ್ನು ಕೈಯಲ್ಲಿ ಕೊಂಬೆ ಹಿಡಿದು ತೋರಿಸಿ. ಬನ್ನಿ ಮರ ಕಡಿದುಹೋದ ಮೇಲೆ ವಿವರಣೆ ಕೊಟ್ಟು ಪ್ರಯೋಜನವಿಲ್ಲ. ಕಾವಲು ಯಾವ ಇಲಾಖೆಯ ವಶದಲ್ಲಿದೆಯೋ ಅದರ ಲಿಖಿತ ಅನುಮತಿ ಕೈಗೆ ಬರುವವರೆಗೆ ಒಂದು ಗಿಡವನ್ನೂ ಮುಟ್ಟಬೇಡಿ.

ದಟ್ಟ ಪೊದೆಯಿಂದ ಶುರು ಮಾಡುವುದು ಬಹಳ ಕಡೆ ನಡೆಯುವ ತಪ್ಪು. ಹಣ ಅಲ್ಲೇ ಮುಗಿಯುತ್ತದೆ, ಒಳ್ಳೆಯ ಹುಲ್ಲಿನ ನಡುವೆ ಒಂಟಿಯಾಗಿ ನಿಂತ ಗಿಡಗಳು ಕಾಯಿ ಬಿಡುತ್ತಲೇ ಇರುತ್ತವೆ. ಹುಲ್ಲು ಚೆನ್ನಾಗಿರುವ ಜಾಗದ ಒಂಟಿ ಗಿಡಗಳು ಮೊದಲು, ನಂತರ ಪೊದೆಯ ಅಂಚು, ಕೊನೆಗೆ ಪೊದೆ. ಆ ಮಳೆಗಾಲದಲ್ಲೇ ಹುಟ್ಟಿದ ಸಸಿಯನ್ನು ನೆಲ ಒದ್ದೆಯಿರುವಾಗ ಬುಡ ಹಿಡಿದು ನಿಧಾನವಾಗಿ ಎಳೆದರೆ ಬೇರು ಸಮೇತ ಬರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಪ್ರತಿ ಹದ ಮಳೆಯ ಮರುದಿನ ಈ ಕೆಲಸಕ್ಕೆ ಸೂಕ್ತ. ಹೆಬ್ಬೆರಳಿಗಿಂತ ದಪ್ಪವಾದ ಗಿಡಕ್ಕೆ ಪಿಕಾಸಿ ಬೇಕು. ಚಿಗುರೊಡೆಯುವ ಮೊಗ್ಗುಗಳು ಕಾಂಡ ಮತ್ತು ಬೇರು ಕೂಡುವ ಉಬ್ಬಿದ ಭಾಗದಲ್ಲಿ, ಮಣ್ಣಿನೊಳಗೆ ಇರುತ್ತವೆ. ಸುತ್ತ ಮಣ್ಣು ಬಿಡಿಸಿ, ನೆಲಮಟ್ಟದಿಂದ ಸುಮಾರು 30 ಸೆಂ.ಮೀ. ಕೆಳಗೆ, ಆ ಉಬ್ಬು ಪೂರ್ತಿ ಬರುವಂತೆ ಬೇರು ಕಡಿಯಬೇಕು. ಮಚ್ಚಿನಿಂದ ನೆಲದ ಮಟ್ಟಕ್ಕೆ ಕಡಿದರೆ ಒಂದು ಕಾಂಡವಿದ್ದ ಜಾಗದಲ್ಲಿ ಹತ್ತಾರು ಚಿಗುರು ಏಳುತ್ತವೆ, ಕಡಿಯದೆ ಬಿಟ್ಟಿದ್ದಕ್ಕಿಂತ ಕೆಟ್ಟ ಪೊದೆಯಾಗುತ್ತದೆ. ಸೌದೆ, ಇದ್ದಿಲಿಗೆ ಗುತ್ತಿಗೆ ಕೊಡುವಾಗ ಆಗುವುದೂ ಇದೇ. ಗುತ್ತಿಗೆದಾರನಿಗೆ ಬೇಕಾದದ್ದು ಕಾಂಡ, ಕಾವಲಿಗೆ ಬೇಕಾದದ್ದು ಬುಡ ಹೋಗುವುದು. ಬುಡ ಕಿತ್ತ ಗುಂಡಿಗಳನ್ನು ಎಣಿಸಿ ಹಣ ಕೊಡುವ ಷರತ್ತಿಲ್ಲದಿದ್ದರೆ ಆ ಗುತ್ತಿಗೆ ಬೇಡ. ಕೆಲಸಗಾರರಿಗೆ ದಪ್ಪ ಅಟ್ಟೆಯ ಬೂಟು, ಧನುರ್ವಾಯು ಚುಚ್ಚುಮದ್ದು ಕಡ್ಡಾಯ. ಈ ಮುಳ್ಳು ಚುಚ್ಚಿದ ಜಾಗ ಬಾತು ಕೀವಾಗುವುದು ಸಾಮಾನ್ಯ.

ಜೆಸಿಬಿ ಬೇಗ ಮುಗಿಸುತ್ತದೆ ನಿಜ. ಅದರ ಜೊತೆಗೆ ಉಳಿದ ಹುಲ್ಲಿನ ಗಡ್ಡೆಯನ್ನೂ ಕಿತ್ತು, ಆಳದ ಬೀಜವನ್ನು ಮೇಲೆ ತರುತ್ತದೆ. ಹುಲ್ಲು ಪೂರ್ತಿ ಸತ್ತ ದಟ್ಟ ಪೊದೆಗೆ ಮಾತ್ರ ಅದನ್ನು ಬಳಸಿ, ಅದೂ ಹುಲ್ಲಿನ ಬೀಜ ಕೈಯಲ್ಲಿದ್ದರೆ.

ಕಿತ್ತ ಗುಂಡಿಯನ್ನು ಹಾಗೇ ಬಿಟ್ಟರೆ ಅಲ್ಲಿ ಮತ್ತೆ ಜಾಲಿಯೇ ಹುಟ್ಟುತ್ತದೆ. ಮಣ್ಣು ತುಂಬಿ, ಮೇಲ್ಪದರವನ್ನು ಎರಡು ಬೆರಳಿನಷ್ಟು ಕೆದಕಿ, ಅದೇ ಕಾವಲಿನಿಂದ ಹಿಂದಿನ ಚಳಿಗಾಲದಲ್ಲಿ ಒಟ್ಟು ಮಾಡಿದ ಹುಲ್ಲಿನ ಬೀಜ ಉದುರಿಸಿ. ಹೆಟೆರೊಪೋಗನ್, ಸೆಹಿಮಾ, ಕ್ರೈಸೊಪೋಗನ್ ಜಾತಿಗಳ ಜೊತೆ ಬೇಗ ಹಿಡಿಯುವ ಅಂಜನ್ ಹುಲ್ಲು ಸೇರಿಸಬಹುದು. ಬೀಜ ಆಳಕ್ಕೆ ಹೋಗಬಾರದು. ಮೇಲೆ ಕಾಯಿಯಿಲ್ಲದ ಮುಳ್ಳುಕೊಂಬೆ ಹೊದಿಸಿದರೆ ದನ ಬಾಯಿ ಹಾಕುವುದಿಲ್ಲ, ತೇವ ನಿಲ್ಲುತ್ತದೆ, ಗಾಳಿಗೆ ಬಂದ ಬೀಜವೂ ಸಿಕ್ಕಿಕೊಳ್ಳುತ್ತದೆ. ಇಳಿಜಾರಿಗೆ ಅಡ್ಡಲಾಗಿ ಇಂಥ ಕೊಂಬೆಗಳ ಸಾಲು ಹಾಕಿದರೆ ಹೆಪ್ಪುಗಟ್ಟಿದ ನೆಲಕ್ಕೆ ನೀರಿಳಿಯುತ್ತದೆ. ಕಾವಲಿನಲ್ಲಿ ಆಳದ ಟ್ರೆಂಚ್ ಹೊಡೆಯುವುದನ್ನು ಮಾತ್ರ ನಾನು ಖಂಡಿತ ಒಪ್ಪುವುದಿಲ್ಲ. ಅಗೆದ ಜಾಗದ ಹುಲ್ಲು ಹೋಗುತ್ತದೆ, ಗುಂಡಿಯಲ್ಲಿ ನಿಂತ ನೀರು ಜಾಲಿಗೆ ಹಬ್ಬ.

ಮೇಯಿಸುವುದನ್ನು ಶಾಶ್ವತವಾಗಿ ನಿಲ್ಲಿಸಬೇಕಿಲ್ಲ. ಈ ಕಾವಲುಗಳು ಅಮೃತಮಹಲ್ ದನಗಳಿಗಾಗಿಯೇ ಉಳಿದುಬಂದ ನೆಲ. ಬರದ ನಂತರದ ಮೊದಲ ಮಳೆಗಾಲದಲ್ಲಿ ಕನಿಷ್ಠ ಮೂರನೇ ಒಂದು ಭಾಗವನ್ನು ಹುಲ್ಲು ತೆನೆ ಬಿಟ್ಟು ಬೀಜ ಉದುರುವವರೆಗೆ ಬಿಟ್ಟುಬಿಡಿ. ಮುಂದಿನ ವರ್ಷ ಬೇರೆ ಭಾಗ. ಉಳಿದೆಡೆ ಬೆಳೆದ ಹುಲ್ಲಿನ ತೂಕದಲ್ಲಿ ಅರ್ಧ ನಿಲ್ಲಬೇಕು. ಹುಲ್ಲಿನ ತೂಕ ಬುಡದಲ್ಲೇ ಹೆಚ್ಚು, ಹಾಗಾಗಿ ಎತ್ತರದಲ್ಲಿ ಅರ್ಧ ಉಳಿದಿದೆ ಎಂದರೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿದೆ ಎಂದು ನೆಮ್ಮದಿಯಿಂದಿರಬಹುದು. ಕಾಯಿ ತಿಂದ ದನವನ್ನು ಜಾಲಿಯಿಲ್ಲದ ಕಾವಲಿಗೆ ಬಿಡುವ ಮುನ್ನ ಒಂದು ವಾರ ದೊಡ್ಡಿಯಲ್ಲಿ ಕಟ್ಟಿ ಬೇರೆ ಮೇವು ಹಾಕಿ. ಆ ಸಗಣಿ ಬಿಸಿಯೇರುವಂತೆ ತಿಪ್ಪೆಯಲ್ಲಿ ಕೊಳೆಯಲಿ, ಹಸಿಯಾಗಿ ಎಲ್ಲೂ ಚೆಲ್ಲಬೇಡಿ. ಕಾಯಿಯನ್ನು ಬೀಜ ಸಮೇತ ಗಿರಣಿಯಲ್ಲಿ ಹಿಟ್ಟು ಮಾಡಿ, ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪ ಕೊಟ್ಟರೆ ಮೇವೂ ಆಯಿತು, ಬೀಜವೂ ಸತ್ತಿತು.

ಬೆಂಕಿಯಿಂದ ಈ ಜಾಲಿ ಹೋಗುತ್ತದೆಂಬ ಆಸೆ ಬೇಡ. ದಟ್ಟ ಪೊದೆಯಡಿ ಉರಿಯಲು ಹುಲ್ಲೇ ಇರುವುದಿಲ್ಲ, ಸುಟ್ಟ ಬುಡ ಮತ್ತೆ ಚಿಗುರುತ್ತದೆ, ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ ಕೂಡ.

ಕಿತ್ತ ಜಾಗಕ್ಕೆ ಎರಡು ತಿಂಗಳ ನಂತರ ಒಮ್ಮೆ, ಆಮೇಲೆ ಕನಿಷ್ಠ ಮೂರು ಮಳೆಗಾಲ ಮರಳಿ ಹೋಗಬೇಕು. ಮಣ್ಣಿನಲ್ಲಿರುವ ಬೀಜ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಲೆಕ್ಕಕ್ಕೆ 50 ಮೀಟರ್ ಉದ್ದ, 4 ಮೀಟರ್ ಅಗಲದ ಪಟ್ಟಿಗಳನ್ನು ಕಲ್ಲು ನೆಟ್ಟು ಗುರುತು ಮಾಡಿ, ಪ್ರತಿ ಅಕ್ಟೋಬರ್‌ನಲ್ಲಿ ಸಸಿ, ಮರುಚಿಗುರು, ದೊಡ್ಡ ಗಿಡಗಳನ್ನು ಬೇರೆ ಬೇರೆಯಾಗಿ ಎಣಿಸಿ. ಸಸಿ ಹೆಚ್ಚಿದ್ದರೆ ಬೀಜ ಹೊರಗಿನಿಂದ ಬರುತ್ತಿದೆ ಅಥವಾ ಹುಲ್ಲು ಇನ್ನೂ ಕೂಡಿಲ್ಲ ಎಂದರ್ಥ. ಮರುಚಿಗುರು ಹೆಚ್ಚಿದ್ದರೆ ಬುಡ ಸರಿಯಾಗಿ ಕಿತ್ತಿಲ್ಲ. ಇಡೀ ಕಾವಲಿನ ಚಿತ್ರಕ್ಕೆ ಮಾರ್ಚ್ ತಿಂಗಳ ಉಪಗ್ರಹ ಚಿತ್ರ ತೆಗೆದುಕೊಳ್ಳಿ. ಆಗ ಹುಲ್ಲು ಒಣಗಿ ಹಳದಿಯಾಗಿರುತ್ತದೆ, ಹಸಿರಾಗಿ ಕಾಣುವುದರಲ್ಲಿ ಹೆಚ್ಚಿನದು ಬಳ್ಳಾರಿ ಜಾಲಿ. ಅನುಮಾನವಿದ್ದ ಕಡೆ ನಡೆದುಹೋಗಿ ಮುಳ್ಳು ನೋಡಿ ಖಚಿತಪಡಿಸಿಕೊಳ್ಳಿ. ಸೆಪ್ಟೆಂಬರ್ ಚಿತ್ರದಲ್ಲಿ ಎಲ್ಲವೂ ಹಸಿರು, ಅದರಿಂದ ಏನೂ ತಿಳಿಯದು.