ಹಸಿರು ಬಳಿಯದೆ ಹಸಿರಾದ ಪಾತ್ರೆಗಳು

ಕೊರಿಯಾದ ಸೆಲಡಾನ್ ಎಂಬ ಮಣ್ಣಿನ ಪಾತ್ರೆಗಳ ಬಣ್ಣ ತಿಳಿ ಹಸಿರು. ಅದರಲ್ಲಿ ಸ್ವಲ್ಪ ನೀಲಿ, ಸ್ವಲ್ಪ ಬೂದಿಯ ಛಾಯೆಯೂ ಇದೆ. ಆದರೆ ಅದಕ್ಕೆ ಯಾರೂ ಹಸಿರು ಬಣ್ಣ ಬೆರೆಸಿಲ್ಲ. ಎಲ್ಲ ಕಬ್ಬಿಣದ ಆಟ.

ಪಾತ್ರೆಯ ಮೇಲಿನ ಗಾಜಿನಂಥ ಹೊದಿಕೆಗೆ ಗ್ಲೇಜ್ ಅನ್ನುತ್ತಾರೆ. ಕಟ್ಟಿಗೆ ಬೂದಿ, ಕಲ್ಲಿನ ಪುಡಿ, ಜೇಡಿಮಣ್ಣು ಕಲಸಿ ಅದನ್ನು ಮಾಡುತ್ತಾರೆ. ಅದರಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಕಬ್ಬಿಣದ ಆಕ್ಸೈಡ್ ಇರುತ್ತದೆ. ಮಂಗಳೂರು ಹಂಚಿಗೆ ಕೆಂಪು ಕೊಡುವುದೂ ಕಬ್ಬಿಣದ ಆಕ್ಸೈಡೇ. ಹಂಚು ಸುಡುವಾಗ ಗಾಳಿ ಚೆನ್ನಾಗಿ ಆಡುತ್ತದೆ, ಕಬ್ಬಿಣಕ್ಕೆ ಬೇಕಾದಷ್ಟು ಆಮ್ಲಜನಕ ಸಿಗುತ್ತದೆ. ಕೊರಿಯಾದ ಕುಂಬಾರರು ಆ ಆಮ್ಲಜನಕವನ್ನೇ ತಪ್ಪಿಸಿದರು.

ಅವರ ಆವಿಗೆ, ಅಂದರೆ ಪಾತ್ರೆ ಸುಡುವ ಗೂಡು, ಗುಡ್ಡದ ಇಳಿಜಾರಿನಲ್ಲಿ ಉದ್ದಕ್ಕೆ ಕಟ್ಟಿದ್ದು. ಒಳಗೆ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ. ಗಾಳಿಯ ದಾರಿ ಕಿರಿದು ಮಾಡಿ ಕಟ್ಟಿಗೆ ಜಾಸ್ತಿ ತುರುಕಿದರೆ ಬೆಂಕಿಗೇ ಆಮ್ಲಜನಕ ಸಾಲುವುದಿಲ್ಲ. ಆಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಗ್ಲೇಜಿನೊಳಗಿನ ಕಬ್ಬಿಣದಿಂದ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಹೀಗೆ ಬಡವಾದ ಕಬ್ಬಿಣ ಕರಗಿದ ಗಾಜಿನಲ್ಲಿ ನೀಲಿ-ಹಸಿರಾಗಿ ಕಾಣುತ್ತದೆ. ಗ್ಲೇಜ್ ಕರಗುವ ಮೊದಲೇ ಇದು ಶುರುವಾಗಬೇಕು. ಕರಗಿ ಮುಚ್ಚಿಕೊಂಡ ಮೇಲೆ ಅನಿಲ ಒಳಗೆ ಇಳಿಯುವುದು ಕಷ್ಟ. ಗಾಳಿ ಹೆಚ್ಚಾಯಿತೋ, ಪಾತ್ರೆ ಹಳದಿ-ಕಂದು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಇದನ್ನೆಲ್ಲ ಅಂದಾಜಿನಲ್ಲೇ ಮಾಡಬೇಕಿತ್ತು ಅಲ್ವಾ!

ಈ ವಿದ್ಯೆ ಚೀನಾದಿಂದ ಬಂದದ್ದು. ಗೊರ್ಯೊ ಅರಸರ ಕಾಲದಲ್ಲಿ (918–1392) ಗಾಂಗ್‌ಜಿನ್ ಮತ್ತು ಬುವಾನ್ ಎಂಬ ಊರುಗಳು ಇದಕ್ಕೆ ಹೆಸರಾದವು. 1123ರಲ್ಲಿ ಚೀನಾದ ರಾಯಭಾರಿ ತಂಡದ ಜೊತೆ ಬಂದ ಶೂ ಜಿಂಗ್, ಈ ಪಾತ್ರೆಗಳ ಬಣ್ಣವನ್ನು ಮೆಚ್ಚಿ ಬರೆದ. ವಿದ್ಯೆ ಕಲಿಸಿದ ಊರಿನವನೇ ಹೊಗಳಿದ್ದು, ಸಣ್ಣ ಮಾತಲ್ಲ. 1157ರಲ್ಲಿ ಅರಸ ಉಯಿಜೊಂಗ್ ಒಂದು ಮಂಟಪದ ಚಾವಣಿಗೇ ಸೆಲಡಾನ್ ಹಂಚು ಹೊದಿಸಿದ. ಶೋಕಿ ಅಂದರೆ ಇದು.

ನನಗೆ ಬಣ್ಣಕ್ಕಿಂತ ದೊಡ್ಡದು ಅನಿಸುವುದು ಸಾಂಗ್‌ಗಾಮ್ ಎಂಬ ಕೆತ್ತನೆ. ಮಣ್ಣು ಅರ್ಧ ಒಣಗಿದಾಗ ಕೊಕ್ಕರೆ, ಮೋಡ, ಹೂವಿನ ಚಿತ್ರ ಕೊರೆದು, ಆ ಗೀರುಗಳಿಗೆ ಬೇರೆ ಮಣ್ಣು ತುಂಬುತ್ತಾರೆ. ಕಬ್ಬಿಣ ತೀರಾ ಕಡಿಮೆ ಇರುವ ಮಣ್ಣು ಸುಟ್ಟ ಮೇಲೂ ಬಿಳಿ. ಕಬ್ಬಿಣ ಜಾಸ್ತಿ ಇರುವ ಕೆಂಪು ಮಣ್ಣು ಕಪ್ಪಾಗುತ್ತದೆ. ಬಿಳಿ, ಹಸಿರು, ಕಪ್ಪು ಮೂರೂ ಒಂದೇ ಲೋಹದ ಲೆಕ್ಕಾಚಾರ! ಗ್ಲೇಜ್ ತೆಳುವಾಗಿ, ಪಾರದರ್ಶಕವಾಗಿ ಇದ್ದರಷ್ಟೇ ಚಿತ್ರ ಕಾಣುತ್ತದೆ. ಕೆಲವು ಪಾತ್ರೆಗಳಲ್ಲಿ ತಾಮ್ರದ ಕೆಂಪೂ ಇದೆ. ತಾಮ್ರದ ಸ್ವಭಾವ ಪೂರಾ ಉಲ್ಟಾ. ಆಮ್ಲಜನಕ ಸಿಕ್ಕರೆ ಹಸಿರು, ಸಿಗದಿದ್ದರೆ ಕೆಂಪು. ಹಾಗಾಗಿ ಕಬ್ಬಿಣವನ್ನು ಹಸಿರಾಗಿಸಿದ ಬೆಂಕಿಯೇ ಪಕ್ಕದಲ್ಲಿದ್ದ ತಾಮ್ರವನ್ನು ಕೆಂಪಾಗಿಸಿತು.

2007ರಲ್ಲಿ ದಕ್ಷಿಣ ಕೊರಿಯಾದ ಥೆಆನ್ ಕಡಲಲ್ಲಿ ಮೀನುಗಾರನೊಬ್ಬನಿಗೆ ಸಿಕ್ಕ ಆಕ್ಟೋಪಸ್ ಒಂದು ಸೆಲಡಾನ್ ತಟ್ಟೆಯನ್ನು ಅಪ್ಪಿಕೊಂಡಿತ್ತು. ಅಲ್ಲಿ ಹುಡುಕಿದಾಗ 12ನೇ ಶತಮಾನದಲ್ಲಿ ಮುಳುಗಿದ ಹಡಗು, ಅದರಲ್ಲಿ 20,000ಕ್ಕೂ ಹೆಚ್ಚು ಪಾತ್ರೆಗಳು ಸಿಕ್ಕವು. ಗಾಂಗ್‌ಜಿನ್‌ನಿಂದ ರಾಜಧಾನಿಗೆ, ಅಂದರೆ ಇಂದಿನ ಉತ್ತರ ಕೊರಿಯಾದ ಕೇಸಾಂಗ್‌ಗೆ, ಹೊರಟಿದ್ದ ಸರಕು ಎಂದು ಅದರ ಜೊತೆಗಿದ್ದ ಮರದ ಚೀಟಿಗಳೇ ಹೇಳಿದವು. ಶತಮಾನಗಳ ಕಾಲ ಉಪ್ಪುನೀರಿನಲ್ಲಿ ಕೂತರೂ ಆ ಹಸಿರು ಉಳಿದಿತ್ತು. ಗಾಜಿನಲ್ಲಿ ಸೇರಿಹೋದ ಕಬ್ಬಿಣಕ್ಕೆ ನೀರಿನ ಆಮ್ಲಜನಕ ಸುಲಭಕ್ಕೆ ತಾಗುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ. ಅದನ್ನು ಹಳದಿ-ಕಂದಾಗಿಸಬೇಕೆಂದರೆ ಗಾಳಿಯಾಡುವ ಆವಿಗೆಯಲ್ಲಿಟ್ಟು ಗ್ಲೇಜ್ ಕರಗುವಷ್ಟು ಇನ್ನೊಮ್ಮೆ ಸುಡಬೇಕು.