ಬಲ್ಮಠದ ಹಳೇ ಪುಸ್ತಕಗಳು: ಓದುವ ಮೊದಲು ಅಕ್ಷರ ನೋಡಿ

ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನ ಕಾಲದ ಮುದ್ರಣಗಳಿವೆ, ತಾಳೆಗರಿಗಳೂ ಇವೆ. ಕನ್ನಡ ಎಂ.ಎ. ಓದುವವರು ಅಲ್ಲಿ ಹಳೇ ಪುಸ್ತಕ ಕೈಗೆ ಬಂದ ತಕ್ಷಣ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಕಲ್ಲಚ್ಚೋ (ಕೈಬರಹವನ್ನು ಕಲ್ಲಿನ ಮೇಲೆ ಇಳಿಸಿ ಅಚ್ಚು ಹಾಕಿದ್ದು), ಮೊಳೆ (ಒಂದೊಂದು ಅಕ್ಷರದ ಲೋಹದ ಅಚ್ಚು) ಜೋಡಿಸಿದ್ದೋ?

ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಅಚ್ಚುಕೂಟ ಶುರುವಾದದ್ದು 1841ರಲ್ಲಿ. ಮೊದಮೊದಲು ಎಲ್ಲಾ ಕಲ್ಲಚ್ಚು. ಕನ್ನಡಕ್ಕೆ ಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆ ಎರಕ ಹೊಯ್ಯಬೇಕು, ಅದಕ್ಕೆ ಖರ್ಚು ಜಾಸ್ತಿ. ಕಲ್ಲಚ್ಚಿಗೆ ಅಂದವಾಗಿ ಬರೆಯುವ ಒಬ್ಬ ಲಿಪಿಕಾರ ಸಿಕ್ಕರೆ ಆಯಿತು. ಅವನು ಜಿಡ್ಡಿನ ಶಾಯಿಯಲ್ಲಿ ಬರೆದದ್ದನ್ನು ಸುಣ್ಣಕಲ್ಲಿನ ಮೇಲೆ ಇಳಿಸುತ್ತಾರೆ, ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸುತ್ತಾರೆ, ಅಕ್ಷರ ಇದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಅಂದರೆ ಕನ್ನಡದ ಮೊದಲ ಪತ್ರಿಕೆ, ಹೀಗೇ ಅಚ್ಚಾದದ್ದು. ಮುಂದೆ ಅವರು ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದ್ದೂ ಕಲ್ಲಚ್ಚಿನಲ್ಲೇ.

ಗುರುತಿಸುವುದು ಸುಲಭ. ಒಂದೇ ಪುಟದಲ್ಲಿ ನಾಲ್ಕೈದು ‘ಕ’ ಹುಡುಕಿ. ಒಂದೊಂದೂ ಸ್ವಲ್ಪ ಬೇರೆ ಇದ್ದರೆ, ಸಾಲಿನ ಕೊನೆಗೆ ಬರುವಾಗ ಅಕ್ಷರಗಳು ಇಕ್ಕಟ್ಟಾಗಿದ್ದರೆ, ಅದು ಕೈಬರಹ, ಕಲ್ಲಚ್ಚು. ಎಲ್ಲಾ ‘ಕ’ಗಳೂ ಒಂದೇ ಥರ ಇದ್ದು, ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಅಕ್ಷರ ಒತ್ತಿದ ಉಬ್ಬು ಸಿಕ್ಕಿದರೆ ಮೊಳೆ. ಸುಮ್ನೆ ಚಂದ ನೋಡುವುದಕ್ಕೆ ಇದನ್ನು ಹೇಳುತ್ತಿಲ್ಲ. ಪಾಠಾಂತರ, ಅಂದರೆ ಒಂದೇ ಕೃತಿಯ ಬೇರೆ ಬೇರೆ ಪ್ರತಿಗಳಲ್ಲಿ ಪದಗಳು ಬದಲಾಗಿರುವುದನ್ನು, ಹುಡುಕುವವರಿಗೆ ಇದು ತುಂಬಾ ಮುಖ್ಯ, ಯಾಕೆಂದರೆ ಕಲ್ಲಚ್ಚಿನ ಪುಸ್ತಕದಲ್ಲಿ ಲಿಪಿಕಾರನ ಬರವಣಿಗೆಯ ರೂಢಿಯೂ ಬಂದು ಕೂತಿರುತ್ತದೆ, ಹಾಗಾಗಿ ಅದನ್ನು ಹಸ್ತಪ್ರತಿ ಓದುವಷ್ಟೇ ಎಚ್ಚರದಿಂದ ಓದಬೇಕು. ಮೊಳೆ ತಲೆಕೆಳಗಾಗಿ ಕೂತಂಥ ತಪ್ಪು ಅಲ್ಲಿ ಬರುವ ಹಾಗೇ ಇಲ್ಲ ಅಲ್ವಾ?

ಮೊಳೆ ಬಂದ ಮೇಲಿನ ದೊಡ್ಡ ಕೆಲಸ ಅಂದರೆ ಕಿಟ್ಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟು. 1,700ಕ್ಕೂ ಹೆಚ್ಚು ಪುಟ, ಒಂದೇ ಸಾಲಿನಲ್ಲಿ ಎರಡು ಲಿಪಿ. ಒಂದು ಪುಟವನ್ನು ನಿಧಾನವಾಗಿ ನೋಡಿ, ಮೊಳೆ ಜೋಡಿಸಿದವರ ಶ್ರಮ ಗೊತ್ತಾಗುತ್ತದೆ.

ತುಳುವಿನ ಮೇಲೆ ಕೆಲಸ ಮಾಡುವವರು ಈ ಅಚ್ಚುಕೂಟದ ತುಳು ಪುಸ್ತಕಗಳನ್ನು ಬಿಡಲೇಬಾರದು. 1842ರಲ್ಲೇ ಮತ್ತಾಯನ ಸುವಾರ್ತೆಯನ್ನು ಇಲ್ಲಿ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರು. ಇವತ್ತು ನಾವು ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆಯುವ ರೂಢಿ ಗಟ್ಟಿಯಾದದ್ದರಲ್ಲಿ ಈ ಅಚ್ಚುಕೂಟದ ಪಾಲು ದೊಡ್ಡದು.