ಗದಗಿನ ಕಡಲೆ ರೇಟಿಗೆ ಆಸ್ಟ್ರೇಲಿಯಾದ ಬಿತ್ತನೆ ಲೆಕ್ಕ

ಫೆಬ್ರುವರಿ ಬಂತು ಅಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ: "ಸರ್, ಕಡ್ಲಿ ಈಗ ಕೊಡ್ಲೋ, ಇನ್ನೆರಡು ತಿಂಗಳು ಇಡ್ಲೋ?" ರೈತ ಉತ್ಪಾದಕ ಕಂಪನಿಗಳಿಗೆ ಮಾರಾಟದ ಸಲಹೆ ಕೊಡುವುದೇ ನನ್ನ ಕೆಲಸ, ಕೇಳುವುದು ಸರಿಯೇ. ಆದರೆ ಉತ್ತರದ ಅರ್ಧ ಭಾಗ ಅಷ್ಟರಲ್ಲಿ ಹಡಗು ಹತ್ತಿಬಿಟ್ಟಿರುತ್ತದೆ.

ಗದಗ, ಅಣ್ಣಿಗೇರಿ, ನರಗುಂದದ ಎರೆ ಹೊಲಗಳಲ್ಲಿ ನಾವು ಅಕ್ಟೋಬರ್‌ನಲ್ಲಿ ಕಡಲೆ ಬಿತ್ತುವ ಹೊತ್ತಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೊಯ್ಲು ನಡೆದಿರುತ್ತದೆ. ಅವರ ಬಿತ್ತನೆ ಮೇ-ಜೂನ್ ಸುಮಾರಿಗೆ. ಅಲ್ಲಿ ಕಡಲೆ ತಿನ್ನುವವರು ಕಡಿಮೆ. ಬೆಳೆದದ್ದರಲ್ಲಿ ಬಹುಪಾಲು ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಕಡೆಗೇ ಬರಬೇಕು. ಅದಕ್ಕೇ ಅವರ ಬೆಳೆ ಜಾಸ್ತಿ ಆದರೆ ನಮ್ಮ ಬೇಳೆ ಮಿಲ್‌ಗಳಿಗೆ ಬೇಗ ಗೊತ್ತಾಗುತ್ತದೆ.

2017ರ ಡಿಸೆಂಬರ್‌ನಲ್ಲಿ ಭಾರತ ಕಡಲೆ ಮೇಲೆ ಶೇ. 30 ಆಮದು ಸುಂಕ ಹಾಕಿತು. 2018ರ ಮಾರ್ಚ್ ಹೊತ್ತಿಗೆ ಅದು ಶೇ. 60 ಆಯಿತು. ಅಲ್ಲಿನ ರೈತರು ಕಡಲೆ ಕಡಿಮೆ ಮಾಡಿ ಬೇರೆ ಬೆಳೆ ಹಿಡಿದರು. 2024ರ ಮೇ ಮೊದಲ ವಾರ ನಮ್ಮ ಸರ್ಕಾರ ಸುಂಕ ಪೂರ್ತಿ ತೆಗೆಯಿತು. ಸರಿಯಾಗಿ ಅವರ ಬಿತ್ತನೆ ಹೊತ್ತು ನೋಡಿ! ಆ ಹಂಗಾಮಿನಲ್ಲಿ ಆಸ್ಟ್ರೇಲಿಯಾದ ಕಡಲೆ 20 ಲಕ್ಷ ಟನ್ ದಾಟಿತು. 2025ರ ಏಪ್ರಿಲ್‌ನಿಂದ ಮತ್ತೆ ಶೇ. 10 ಸುಂಕ ಬಂತು.

ಸುಂಕದ ತಾಕತ್ತು ಎಷ್ಟು ಅಂತ ಕಾಗದದ ಮೇಲೆ ಲೆಕ್ಕ ಹಾಕಿ. ಉದಾಹರಣೆಗೆ, ಬಂದರಿಗೆ ಬಂದು ಬೀಳುವ ಬೆಲೆ ಟನ್ನಿಗೆ 550 ಡಾಲರ್, ಡಾಲರಿಗೆ 88 ರೂಪಾಯಿ ಅಂದುಕೊಳ್ಳಿ. ಕ್ವಿಂಟಲಿಗೆ 4,840 ರೂಪಾಯಿ ಆಯಿತು. ಶೇ. 10 ಸುಂಕ ಸೇರಿದರೆ 5,324. ಅದೇ ಶೇ. 60 ಇದ್ದರೆ 7,744. ಮೇಲೆ ಹಮಾಲಿ, ಲಾರಿ ಬಾಡಿಗೆ ಬೇರೆ. 2026-27ರ ಮಾರಾಟ ಹಂಗಾಮಿಗೆ ಕೇಂದ್ರ ಹೇಳಿದ ಬೆಂಬಲ ಬೆಲೆ 5,875. ಹೊರಗಿನ ಮಾಲು ಅದಕ್ಕಿಂತ ಅಗ್ಗಕ್ಕೆ ಬಿದ್ದರೆ ಮಿಲ್‌ನವರು ನಮ್ಮ ಟೆಂಡರ್‌ನಲ್ಲಿ ಜಾಸ್ತಿ ಯಾಕೆ ಬರೆಯುತ್ತಾರೆ? ಬೇರೆ ಏನೂ ನೋಡಲು ಪುರಸೊತ್ತಿಲ್ಲದಿದ್ದರೂ ಈ ಒಂದು ಲೆಕ್ಕ ಬಿಡಬೇಡಿ.

ಇನ್ನೊಂದು ಹಿತಶತ್ರು ಹಳದಿ ಬಟಾಣಿ. ಕೆನಡಾ, ರಷ್ಯಾದಿಂದ ಬರುತ್ತದೆ. 2023ರ ಡಿಸೆಂಬರ್‌ನಿಂದ ಸುಮಾರು ಎರಡು ವರ್ಷ ಸುಂಕವಿಲ್ಲದೆ ಬಂತು. ಅದರ ಹಿಟ್ಟು ಅಗ್ಗ, ಕಡಲೆ ಹಿಟ್ಟಿಗೆ ಬೆರೆಸಿದರೆ ಹುಬ್ಬಳ್ಳಿಯ ಮಿರ್ಚಿ ಭಜಿ ತಿನ್ನುವವನಿಗೆ ತಿಳಿಯುವುದೂ ಕಷ್ಟ. ಹೀಗಾಗಿ ಕಡಲೆ ಬೆಳೆಗಾರ ಕಡಲೆಯ ಸುದ್ದಿ ಮಾತ್ರ ಓದಿದರೆ ಸಾಲದು.

ವರದಿ ಎಲ್ಲಿ ಸಿಗುತ್ತದೆ? ಆಸ್ಟ್ರೇಲಿಯಾ ಸರ್ಕಾರದ ಅಬಾರೆಸ್ ಸಂಸ್ಥೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್‌ನಲ್ಲಿ ಬೆಳೆ ವರದಿ ಹೊರಡಿಸುತ್ತದೆ, ದುಡ್ಡು ಕೊಡಬೇಕಿಲ್ಲ. ಜೂನ್ ವರದಿಯಲ್ಲಿ ಬಿತ್ತನೆಯ ವಿಸ್ತೀರ್ಣ ನೋಡಿ, ಇಳುವರಿಯ ಅಂದಾಜಿಗೆ ಆಗ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಮಟ್ಟಿಗೆ ಸೆಪ್ಟೆಂಬರ್‌ದೇ ಮುಖ್ಯ. ಎಷ್ಟು ಎಕರೆಗೆ ಕಡಲೆ, ಎಷ್ಟಕ್ಕೆ ಬಿಳಿಜೋಳ, ಕುಸುಬೆ ಅಂತ ನಾವಿನ್ನೂ ಯೋಚಿಸುತ್ತಿರುವಾಗಲೇ ಅದು ಕೈಗೆ ಸಿಗುತ್ತದೆ. ನವೆಂಬರ್‌ನಲ್ಲಿ ಅಲ್ಲಿ ಕೊಯ್ಲಿಗೆ ಮಳೆ ಹೊಡೆದರೆ ಕಾಳಿನ ಬಣ್ಣ ಕೆಡುತ್ತದೆ. ಆಗ ಟನ್ ಲೆಕ್ಕ ದೊಡ್ಡದಿದ್ದರೂ ಒಳ್ಳೆಯ ಮಾಲು ಕಡಿಮೆ. ವಾಟ್ಸಾಪ್‌ನಲ್ಲಿ ಸುಮ್ನೆ "ಏಪ್ರಿಲ್‌ನಲ್ಲಿ ಇಷ್ಟೇ ರೇಟು" ಅಂತ ಬರೆಯುವವರು ಇದನ್ನೆಲ್ಲ ಹೇಳುವುದಿಲ್ಲ.

ಸುಂಕ ಏರಿತು ಅನ್ನುವ ಸುದ್ದಿ ಬಂದ ದಿನ ಚೀಲ ಹಿಡಿದುಕೊಂಡು ಕೂರುವ ಮುಂಚೆ ಅಧಿಸೂಚನೆಯ ತಾರೀಖು ಓದಿ. ಹಳದಿ ಬಟಾಣಿಗೆ 2025ರ ನವೆಂಬರ್ 1ರಿಂದ ಶೇ. 30 ಸುಂಕ ಅಂದಾಗ, ಅದು ಹಡಗಿಗೆ ಮಾಲು ಹತ್ತಿಸಿದ ರಸೀದಿಯ ತಾರೀಖಿಗೆ ಸಂಬಂಧಿಸಿದ ಮಾತಾಗಿತ್ತು. ಅಕ್ಟೋಬರ್ 31ರ ಒಳಗೆ ಹಡಗು ಹತ್ತಿದ ಮಾಲು ನಂತರ ಬಂದು ಇಳಿದರೂ ಹಳೆಯ ಲೆಕ್ಕವೇ. ಅಂಥ ಮಾಲು ಖರ್ಚಾಗುವ ತನಕ ಹೊಸ ಸುಂಕದ ಬಿಸಿ ಗದಗಿನ ಎಪಿಎಂಸಿಗೆ ಪೂರ್ತಿ ತಟ್ಟುವುದಿಲ್ಲ.